ಸ್ತ್ರೀಯರೂ ವಕೀಲಿ ಸನ್ನದೂ: 1896ರಿಂದ 1923ರ ವರೆಗೆ

ಭಾರತದಲ್ಲಿ ಆಧುನಿಕ ವೃತ್ತಿಗಳು ಬೆಳೆದುಬಂದ ಬಗೆಯನ್ನು ಪರಿಶೀಲಿಸುವವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರದೆ ಇರದು. 1886ರಷ್ಟು ಹಿಂದೆಯೇ ಕಾದಂಬಿನಿ ಗಂಗೂಲಿ, ಆನಂದಿಬಾಯಿ ಜೋಶಿ ಮೊದಲಾದವರು ವೈದ್ಯಶಿಕ್ಷಣವನ್ನು ಮುಗಿಸಿದ್ದರು. ಸ್ತ್ರೀವೈದ್ಯರು ಬೇಕೆಂಬುದನ್ನು ಸರಕಾರವೂ ಸಮಾಜವೂ ಒಪ್ಪಿದ್ದುವು. ಆದರೆ ನ್ಯಾಯವಾದದ ವೃತ್ತಿ ಸ್ತ್ರೀಯರಿಗೆ ದೇಶದಾದ್ಯಂತ ತೆರೆದದ್ದು 1923ರಲ್ಲಿ. ಈ ತಡೆಗೆ ಕಾರಣವಾದ ಕಾನೂನು ಯಾವುದು ಎಂದು ಹುಡುಕಹೊರಟರೆ, ಅಂಥ ಕಾನೂನು ಇರಲೇ ಇಲ್ಲವೆಂಬುದು ಗೊತ್ತಾಗುತ್ತದೆ. ಸ್ತ್ರೀಯರು ವಕೀಲರಾಗಕೂಡದೆಂದು ಬ್ರಿಟಿಷ್ ಇಂಡಿಯಾದ ಯಾವ ಶಾಸನವೂ ಹೇಳಿರಲಿಲ್ಲ. ಇಲ್ಲದ ನಿಷೇಧವೊಂದು ಇಷ್ಟು ಕಾಲ ಹೇಗೆ ನಡೆಯಿತು, ಅದನ್ನು ತೊಲಗಿಸಲು ಏನು ಬೇಕಾಯಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಶಾಸನಗಳ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡಬಹುದು. ವಂಗಪ್ರಾಂತದಲ್ಲಿ ವಕೀಲರಿಗೆ ಸನ್ನದು ಕೊಡುವ ಕ್ರಮವನ್ನು ಕಂಪನಿ ಸರಕಾರವು 1793ರ ನಿಬಂಧನೆಯಿಂದ ವ್ಯವಸ್ಥೆಗೊಳಿಸಿತು. 1846ರ ಕಾಯಿದೆಯು ರಾಷ್ಟ್ರ, ಮತ ಎಂಬ ಭೇದಗಳನ್ನು ತೆಗೆದುಹಾಕಿ, ಅರ್ಹತೆಯುಳ್ಳ ಯಾವ ವ್ಯಕ್ತಿಯಾದರೂ ವಕೀಲನಾಗಬಹುದೆಂದಿತು. 1879ರ ವಕೀಲರ ಕಾಯಿದೆಯೂ ಸಾಮಾನ್ಯವಾಗಿ ‘ವ್ಯಕ್ತಿ’ ಎಂಬ ಶಬ್ದವನ್ನೇ ಬಳಸಿತು. ಸರ್ವನಾಮಗಳು ಮಾತ್ರ ಪುಲ್ಲಿಂಗದಲ್ಲಿದ್ದುವು. ಶಾಸನಗಳಲ್ಲಿ ಬರುವ ಪುಲ್ಲಿಂಗಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂದು 1868ರ ಸಾಮಾನ್ಯ ಪರಿಭಾಷೆಗಳ ಕಾಯಿದೆಯು ಹೇಳಿತ್ತು. ಆದರೆ ವಿಷಯಕ್ಕಾಗಲಿ ಸಂದರ್ಭಕ್ಕಾಗಲಿ ವಿರುದ್ಧವಾದಲ್ಲಿ ಈ ಸೂತ್ರ ಅನ್ವಯಿಸದು ಎಂಬ ಅಪವಾದವೂ ಅದರೊಡನೆಯೇ ಇತ್ತು. ಮುಂದಿನ ವಿವಾದವೆಲ್ಲ ಹುಟ್ಟಿದ್ದು ಈ ಅಪವಾದದ ಎಡೆಯಿಂದ.

ಈ ವೃತ್ತಿಯ ಬಾಗಿಲನ್ನು ಮೊದಲು ತಟ್ಟಿದವರು ಕಾರ್ನೇಲಿಯಾ ಸೊರಾಬ್ಜಿ. ನಾಸಿಕದಲ್ಲಿ 1866ರಲ್ಲಿ ಜನಿಸಿದ ಈಕೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಆಕ್ಸ್‌ಫರ್ಡಿಗೆ ಹೋಗಿ, 1892ರಲ್ಲಿ ಅಲ್ಲಿಯ ಉನ್ನತ ನ್ಯಾಯಶಾಸ್ತ್ರ ಪರೀಕ್ಷೆಗೆ ಕುಳಿತ ಮೊದಲ ಮಹಿಳೆಯಾದರು. ಆಗ ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಯನ್ನು ಪ್ರದಾನಮಾಡುತ್ತಿರಲಿಲ್ಲವಾದ್ದರಿಂದ, ಆ ಪದವಿ ಆಕೆಯ ಕೈಸೇರಿದ್ದು ಮೂವತ್ತು ವರ್ಷಗಳ ತರುವಾಯ, 1922ರಲ್ಲಿ. 1896ರಲ್ಲಿ ಪುಣೆಯಲ್ಲಿ ಕೊಲೆಯ ಆಪಾದನೆಗೆ ಗುರಿಯಾದವರೊಬ್ಬರ ಪರವಾಗಿ ಆಕೆ ವಾದಿಸಿದರು. ನ್ಯಾಯಾಲಯದ ಅನುಮತಿಯಿದ್ದರೆ ವಕೀಲರಲ್ಲದ ವ್ಯಕ್ತಿಯೂ ಆಪಾದಿತನ ಪರವಾಗಿ ನಿಲ್ಲಲು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದ್ದುದೇ ಇದಕ್ಕೆ ಆಧಾರ. ಆದರೆ 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ಆಕೆಗೆ ಸನ್ನದು ದೊರೆಯಲಿಲ್ಲ. ಒಬ್ಬ ಮನುಷ್ಯನ ಪ್ರಾಣ ಉಳಿಸಲು ವಾದಿಸಬಹುದಾಗಿದ್ದವರು ಒಂದು ಜಮೀನಿನ ವ್ಯಾಜ್ಯದಲ್ಲಿ ಹಕ್ಕಿನಿಂದ ಎದ್ದು ನಿಲ್ಲುವಂತಿರಲಿಲ್ಲ!

ಸೊರಾಬ್ಜಿಯವರ ಸೇವೆಯ ಅಗತ್ಯ ಸರಕಾರಕ್ಕೆ ಇರಲಿಲ್ಲವೆಂದಲ್ಲ. ಪರದೆಯೊಳಗಿನ ಜಮೀನುದಾರ ಮನೆತನಗಳ ವಿಧವೆಯರೂ ಅಪ್ರಾಪ್ತವಯಸ್ಕರೂ ಪರಪುರುಷರಾದ ವಕೀಲರನ್ನು ಕಾಣಲಾರದೆ, ಗುಮಾಸ್ತರ ಹಾಗೂ ನಂಟರಿಷ್ಟರ ಮಾತನ್ನೇ ನಂಬಿ ಆಸ್ತಿ ಕಳೆದುಕೊಳ್ಳುತ್ತಿದ್ದರು. 1904ರಲ್ಲಿ ಸರಕಾರವು ಸೊರಾಬ್ಜಿಯವರನ್ನು ವಂಗಪ್ರಾಂತದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಗೆ ಸಹಾಯಕರನ್ನಾಗಿ ನೇಮಿಸಿತು. ಹೀಗೆ, ಸ್ತ್ರೀಯರನ್ನು ನ್ಯಾಯಾಲಯದಿಂದ ದೂರವಿಟ್ಟ ಆಚಾರವೇ ಸ್ತ್ರೀನ್ಯಾಯವಾದಿಯೊಬ್ಬಳ ಅವಶ್ಯಕತೆಯನ್ನೂ ಎತ್ತಿ ತೋರಿಸಿತು. ಅಂತಃಪುರದಲ್ಲಿ ಆಕೆಯ ಕಾನೂನಿನ ಜ್ಞಾನ ಸರಕಾರಕ್ಕೆ ಬೇಕಾಗಿತ್ತು; ನ್ಯಾಯಾಧೀಶರ ಮುಂದೆ ಆ ಜ್ಞಾನಕ್ಕೆ ಮನ್ನಣೆ ಇರಲಿಲ್ಲ.

ಪ್ರಶ್ನೆ ನೇರವಾಗಿ ವಿಚಾರಣೆಗೆ ಬಂದದ್ದು 1916ರಲ್ಲಿ. ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಎಂ.ಎ. ಮತ್ತು ಬಿ.ಎಲ್. ಪದವಿಗಳನ್ನು ಪಡೆದಿದ್ದ ರೆಜೀನಾ ಗುಹಾ ಅವರು ಆಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರಾಗಲು ಅರ್ಜಿ ಸಲ್ಲಿಸಿದರು. ಅದು ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತು. ಮುಖ್ಯ ನ್ಯಾಯಾಧೀಶ ಸರ್ ಲ್ಯಾನ್ಸ್‌ಲಾಟ್ ಸ್ಯಾಂಡರ್ಸನ್ನರು ಅದರ ಅಧ್ಯಕ್ಷರು. ಅರ್ಜಿದಾರರ ವಿದ್ಯಾರ್ಹತೆಯ ವಿಷಯದಲ್ಲಿ ವಿವಾದವಿರಲಿಲ್ಲ. ‘ವ್ಯಕ್ತಿ’ ಎಂಬ ಶಬ್ದದಲ್ಲಿ ಸ್ತ್ರೀಯು ಸೇರುವಳೆ ಎಂಬುದೊಂದೇ ಪ್ರಶ್ನೆ.

ಸೇರುವುದಿಲ್ಲವೆಂದು ಪೀಠ ತೀರ್ಮಾನಿಸಿತು. 1793ರಿಂದ ಮೊದಲ್ಗೊಂಡು ಶಾಸನಗಳ ಪರಂಪರೆಯನ್ನು ನೋಡಿದರೆ, ಶಾಸನಕರ್ತರ ಮನಸ್ಸಿನಲ್ಲಿ ಸ್ತ್ರೀವಕೀಲರ ಕಲ್ಪನೆಯೇ ಇರಲಿಲ್ಲ. ಆದುದರಿಂದ ಪುಲ್ಲಿಂಗವು ಸ್ತ್ರೀಲಿಂಗವನ್ನು ಒಳಗೊಳ್ಳುವ ಸೂತ್ರ ಇಲ್ಲಿ ಸಂದರ್ಭಕ್ಕೆ ವಿರುದ್ಧ ಎಂಬುದು ವಾದದ ತಿರುಳು. ಇಂಗ್ಲೆಂಡಿನಲ್ಲಿ ಗ್ವಿನೆತ್ ಬೆಬ್ ಎಂಬವರು ಸಾಲಿಸಿಟರ್ ಆಗಬಯಸಿದಾಗ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು 1913ರಲ್ಲಿ ಇದೇ ಬಗೆಯ ತೀರ್ಪು ಕೊಟ್ಟಿತ್ತು. ಅದೂ ಇಲ್ಲಿ ಆಧಾರವಾಯಿತು. ವಿಶ್ವವಿದ್ಯಾನಿಲಯವು ಕೊಟ್ಟ ಪದವಿಯ ಫಲವನ್ನು ನ್ಯಾಯಾಲಯವು ತಡೆಹಿಡಿಯಿತು.

ಈ ತೀರ್ಪನ್ನು ಬರಿಯ ಪೂರ್ವಗ್ರಹವೆಂದು ತಳ್ಳಿಹಾಕುವುದು ಚರಿತ್ರಕಾರನಿಗೆ ತಕ್ಕುದಲ್ಲ. ಶಾಸನದಲ್ಲಿಲ್ಲದುದನ್ನು ನ್ಯಾಯಾಧೀಶರು ಸೃಷ್ಟಿಸಬಾರದೆಂಬ ತತ್ತ್ವ ಗೌರವಾರ್ಹವಾದುದೇ. ಆದರೆ ಇಲ್ಲಿ ನಡೆದುದು ಅದರ ವಿಪರ್ಯಾಸ. ಶಾಸನದಲ್ಲಿಲ್ಲದ ನಿಷೇಧವನ್ನು ರೂಢಿಯಿಂದ ತಂದು ಶಾಸನದೊಳಗೆ ಓದಲಾಯಿತು. ಹಿಂದೆ ಯಾವ ಸ್ತ್ರೀಯೂ ವಕೀಲಳಾಗಿರಲಿಲ್ಲ, ಆದುದರಿಂದ ಮುಂದೆಯೂ ಆಗುವಂತಿಲ್ಲ ಎಂಬಲ್ಲಿಗೆ ತರ್ಕ ಬಂದು ನಿಂತಿತು. ಹೊರಗಿಟ್ಟದ್ದಕ್ಕೆ ಹೊರಗಿದ್ದುದೇ ಪ್ರಮಾಣವಾಯಿತು.

ಅನಂತರದ ಘಟನೆಗಳು ಈ ತರ್ಕದ ಅಸ್ಥಿರತೆಯನ್ನು ತೋರಿಸಿದುವು. ಇಂಗ್ಲೆಂಡಿನ ಪಾರ್ಲಿಮೆಂಟು 1919ರ ಡಿಸೆಂಬರಿನಲ್ಲಿ ಲಿಂಗಕಾರಣದ ಅನರ್ಹತೆಯನ್ನು ತೊಡೆದುಹಾಕಿ ಅಲ್ಲಿಯ ಸ್ತ್ರೀಯರಿಗೆ ವಕೀಲಿವೃತ್ತಿಯನ್ನು ತೆರೆಯಿತು. ಆದರೆ ಆ ಶಾಸನ ಭಾರತಕ್ಕೆ ಅನ್ವಯಿಸಲಿಲ್ಲ. 1921ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು ಸೊರಾಬ್ಜಿಯವರನ್ನು ತನ್ನ ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಅದೇ ವರ್ಷ ಪಾಟ್ನಾ ಹೈಕೋರ್ಟಿನ ಮುಂದೆ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿ ಬಂದಾಗ, ಕಲ್ಕತ್ತಾ ತೀರ್ಪನ್ನು ಅನುಸರಿಸಿ ಅದನ್ನು ನಿರಾಕರಿಸಲಾಯಿತು. ಒರಿಸ್ಸಾದ ಪ್ರಖ್ಯಾತ ನಾಯಕ ಮಧುಸೂದನ ದಾಸರ ಬೆಂಬಲವೂ ಅವರಿಗೆ ಫಲಕಾರಿಯಾಗಲಿಲ್ಲ. ಗಂಗಾತೀರದ ಒಂದು ನಗರದಲ್ಲಿ ಸ್ತ್ರೀಯು ‘ವ್ಯಕ್ತಿ’; ಅದೇ ಹೊಳೆಯ ಕೆಳಗಣ ಇನ್ನೊಂದು ನಗರದಲ್ಲಿ ಅಲ್ಲ.

ಈ ಗೊಂದಲವನ್ನು ಪರಿಹರಿಸುವ ಹೊಣೆ ಶಾಸನಸಭೆಯ ಮೇಲೆ ಬಿದ್ದಿತು. ನ್ಯಾಯವಾದಿಯೂ ಶಿಕ್ಷಣವೇತ್ತರೂ ಆದ ಹರಿಸಿಂಗ್ ಗೌರ್ ಅವರು ಕೇಂದ್ರ ಶಾಸನಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಂಡರು. ಕಡೆಗೆ 1923ರ ಸ್ತ್ರೀ ವಕೀಲರ ಕಾಯಿದೆ ಜಾರಿಗೆ ಬಂದಿತು. ಕೇವಲ ಸ್ತ್ರೀಯೆಂಬ ಕಾರಣದಿಂದ ಯಾರೂ ವಕೀಲಿವೃತ್ತಿಗೆ ಅನರ್ಹರಲ್ಲವೆಂಬುದೇ ಅದರ ಸಾರ. ಆ ದಿನವನ್ನು ಕಾಣಲು ರೆಜೀನಾ ಗುಹಾ ಅವರು ಉಳಿದಿರಲಿಲ್ಲ. ಅವರು 1919ರಲ್ಲೇ ತೀರಿಕೊಂಡಿದ್ದರು.

ಸನ್ನದು ದೊರೆತ ಮಾತ್ರಕ್ಕೆ ಕಕ್ಷಿಗಾರರು ದೊರೆಯುವರೆಂದು ಅರ್ಥವಲ್ಲ. ಕಲ್ಕತ್ತೆಯಲ್ಲಿ ವೃತ್ತಿ ಆರಂಭಿಸಿದ ಸೊರಾಬ್ಜಿಯವರ ಪಾಲಿಗೆ ಬಂದುದು ಬಹುಮಟ್ಟಿಗೆ ಕಡತಗಳನ್ನು ನೋಡಿ ಅಭಿಪ್ರಾಯ ಬರೆದುಕೊಡುವ ಕೆಲಸ. 1929ರಲ್ಲಿ ಅವರು ವೃತ್ತಿಯಿಂದ ನಿವೃತ್ತರಾದರು. ತಿರುವಾಂಕೂರಿನ ಅನ್ನಾ ಚಾಂಡಿಯವರು 1937ರಲ್ಲಿ ಮುನ್ಸೀಫರಾಗಿ, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಾಧೀಶರಾದರು. ಸರ್ವೋಚ್ಚ ನ್ಯಾಯಾಲಯಕ್ಕೆ ಮೊದಲ ಮಹಿಳೆಯಾಗಿ ಫಾತಿಮಾ ಬೀವಿಯವರು ಬಂದದ್ದು 1989ರಲ್ಲಿ. 1950ರಲ್ಲಿ ಸ್ಥಾಪಿತವಾದ ಆ ನ್ಯಾಯಾಲಯದಲ್ಲಿ, ಕರ್ನಾಟಕದ ಬಿ. ವಿ. ನಾಗರತ್ನ ಅವರೂ ಸೇರಿ ಮೂವರು ಮಹಿಳೆಯರು ಒಂದೇ ದಿನ ಪ್ರಮಾಣವಚನ ಸ್ವೀಕರಿಸಿದ 2021ರ ಆಗಸ್ಟಿನ ವರೆಗೆ ನೇಮಕಗೊಂಡ ಮಹಿಳೆಯರು ಒಟ್ಟು 11 ಮಂದಿ ಮಾತ್ರ.

ಇದಕ್ಕೆ ಹೋಲಿಕೆಯಾಗಿ ಇನ್ನೊಂದು ವೃತ್ತಿಯ ಪ್ರಕರಣವನ್ನು ಗಮನಿಸಬಹುದು. ಕೊಡಗಿನ ವಿರಾಜಪೇಟೆಯವರಾದ ಸಿ. ಬಿ. ಮುತ್ತಮ್ಮ ಅವರು ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ 1961ರ ನಿಯಮಗಳ ಮೇರೆಗೆ ಮಹಿಳಾ ಅಧಿಕಾರಿ ವಿವಾಹವಾಗಲು ಸರಕಾರದ ಲಿಖಿತ ಅನುಮತಿ ಪಡೆಯಬೇಕಾಗಿತ್ತು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡಚಣೆಯಾಗುವುದೆಂದು ಸರಕಾರ ಬಗೆದರೆ ರಾಜೀನಾಮೆ ಕೊಡಬೇಕಾಗುತ್ತಿತ್ತು. ಪುರುಷರಿಗೆ ಇಂಥ ನಿರ್ಬಂಧವಿರಲಿಲ್ಲ. ಬಡ್ತಿಯಲ್ಲಿ ತಮಗೆ ಅನ್ಯಾಯವಾಯಿತೆಂದು ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅವರು ಈ ನಿಯಮಗಳನ್ನು ತೀವ್ರವಾಗಿ ಖಂಡಿಸಿದರು. ಅಷ್ಟರಲ್ಲಿ ಸರಕಾರವೇ ಅವರಿಗೆ ಬಡ್ತಿ ಕೊಟ್ಟು, ವಿವಾಹದ ನಿಯಮವನ್ನು ಕೈಬಿಟ್ಟಿತ್ತು.

ಈ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ತತ್ತ್ವ ಗೋಚರಿಸುತ್ತದೆ. ಬರೆದಿಟ್ಟ ನಿಷೇಧವು ಕಠೋರವಾಗಿದ್ದರೂ ಅದಕ್ಕೆ ಒಂದು ರೂಪವಿದೆ; ಸಂವಿಧಾನದ ಸಮಾನತೆಯ ಬೆಳಕಿಗೆ ಅದನ್ನು ಹಿಡಿಯಬಹುದು, ಇಂಥ ನಿಯಮ ಅಳಿಯಬೇಕೆಂದು ಬೆರಳಿಟ್ಟು ತೋರಿಸಬಹುದು. ಬರೆಯದ ನಿಷೇಧಕ್ಕೆ ಅಂಥ ರೂಪವಿಲ್ಲ. ಅದು ಪದದ ಅರ್ಥದಲ್ಲಿಯೂ ಓದುವವರ ಅಭ್ಯಾಸದಲ್ಲಿಯೂ ಅಡಗಿರುತ್ತದೆ. ಆದುದರಿಂದಲೇ 1923ರಲ್ಲಿ ಇದ್ದ ಶಾಸನವನ್ನು ರದ್ದುಮಾಡಿದರೆ ಸಾಕಾಗಲಿಲ್ಲ; ಸ್ತ್ರೀಯರನ್ನು ಹೆಸರಿಟ್ಟು ಹೇಳುವ ಹೊಸ ಶಾಸನವೇ ಬೇಕಾಯಿತು. ಎಲ್ಲರಿಗೂ ಅನ್ವಯಿಸುವಂತೆ ಕಾಣುವ ಮಾತು ಯಾರನ್ನು ಹೊರಗಿಟ್ಟಿದೆಯೆಂಬುದನ್ನು, ಆ ಮಾತು ಆಚರಣೆಯಲ್ಲಿ ನಡೆದ ಬಗೆಯಿಂದಲೇ ತಿಳಿಯಬೇಕು. ವೃತ್ತಿಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಶಾಸನಗ್ರಂಥಗಳೊಡನೆ ಅರ್ಜಿಗಳನ್ನೂ, ಅದರಲ್ಲಿಯೂ ತಿರಸ್ಕೃತವಾದ ಅರ್ಜಿಗಳನ್ನು, ಓದಬೇಕಾದುದು ಈ ಕಾರಣದಿಂದ.