ಬಿಸಿ ಆರುವ ಮುನ್ನ

ಹಾಸನದ ಪೂರ್ವಕ್ಕೆ, ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಶಾಂತಿಗ್ರಾಮವು ಸುತ್ತಣ ಹಳ್ಳಿಗರ ಬಾಯಲ್ಲಿ ಸವೆದು ಬರಿಯ ‘ಗ್ರಾಮ’ವಾಗಿ ಉಳಿದಿದ್ದರೂ, ಅದರ ಪೂರ್ಣನಾಮದಲ್ಲಿ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯ ಹೆಸರು ಅಡಗಿದೆಯೆಂಬುದನ್ನು ಬಲ್ಲವರು ಬಲ್ಲರು. ಈ ಶಾಂತಲೆಯೇ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಸವತಿಗಂಧವಾರಣ ಬಸದಿಯೆಂದು ಹೆಸರು. ಸವತಿಯರ ಪಾಲಿಗೆ ಮದದಾನೆ ಎಂಬುದು ಆಕೆಯ ಬಿರುದು. ಒಬ್ಬಳೇ ರಾಣಿಯು ಒಂದೆಡೆ ಶಾಂತಿಯನ್ನೂ ಮತ್ತೊಂದೆಡೆ ಮದದಾನೆಯನ್ನೂ ಬಿಟ್ಟುಹೋದುದನ್ನು ನೆನೆದಾಗಲೆಲ್ಲ, ಅತ್ತೆ, ನಾದಿನಿ, ಓರಗಿತ್ತಿಯರೆಲ್ಲ ಒಂದೇ ಸೂರಿನಡಿಯಲ್ಲಿ ಬಾಳಬೇಕಾಗಿದ್ದ ನಮ್ಮ ಸೀಮೆಯ ತೊಟ್ಟಿಯ ಮನೆಗಳು ನನ್ನ ಕಣ್ಣಮುಂದೆ ಸುಳಿಯುತ್ತವೆ. ಆ ಮನೆಗಳ ಶಾಂತಿಯನ್ನು ಕಾಪಾಡುವುದರಲ್ಲಿ, ಬಿರುದುಬಾವಲಿಗಳೊಂದೂ ಇಲ್ಲದ ಒಂದು ಮರದ ಸಾಧನದ ಪಾಲು ಎಷ್ಟಿತ್ತೆಂಬುದನ್ನು ಯಾವ ಶಿಲಾಶಾಸನವೂ ಹೇಳದಿರುವುದರಿಂದ, ಆ ಕೆಲಸಕ್ಕೆ ನಾನೇ ತೊಡಗಿದ್ದೇನೆ. ಅದು ಶಾವಿಗೆಯ ಒರಳು.

ಈ ಒರಳಿನ ವಂಶಾವಳಿ ಸಾಮಾನ್ಯವಾದುದಲ್ಲ. ಚಾಳುಕ್ಯ ಜಯಸಿಂಹನ ಕಾಲದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ, ಮಳೆಯ ಲಕ್ಷಣ, ಅಂತರ್ಜಲ, ವೃಕ್ಷಾಯುರ್ವೇದ ಮೊದಲಾದ ಗಂಭೀರ ವಿಷಯಗಳ ನಡುವೆ ಪಾಕಕ್ಕೂ ಎಡೆಯುಂಟು, ಶಾವಿಗೆಯನ್ನು ಮಾಡುವ ಕ್ರಮವೂ ಅದನ್ನು ಒತ್ತುವ ಅಚ್ಚೂ ಅಲ್ಲಿ ಉಕ್ತವಾಗಿವೆ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯನು ಬೇರೆ. ಈ ಕೀರ್ತಿಯೂ ಆ ಗೊಮ್ಮಟನಿರುವ ನಮ್ಮ ಚನ್ನರಾಯಪಟ್ಟಣದ ಸೀಮೆಗೇ ಬಂದಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸಿದ್ದುಂಟು. ಅಂತೂ ಶಾಂತಲೆಯು ಶಿವಗಂಗೆಯಲ್ಲಿ ದೇಹವಿಟ್ಟ 1131ಕ್ಕೆ ನೂರು ವರ್ಷಗಳ ಹಿಂದೆಯೇ ಕನ್ನಡಿಗರು ಶಾವಿಗೆಯನ್ನು ಒತ್ತುತ್ತಿದ್ದರು. ಆದರೆ ಗ್ರಂಥಕಾರನ ದೃಷ್ಟಿಯು ಪಾಕದ ಮೇಲಿರುವುದು ಸಹಜ. ಒರಳಿನ ಸುತ್ತ ಬೆವರುತ್ತ ನಿಂತವರ ಮುಖಗಳನ್ನು ನಾವು ನಮ್ಮ ಸ್ಮೃತಿಯಿಂದಲೇ ತುಂಬಿಕೊಳ್ಳಬೇಕು.

ಹಿಂದಿನ ರಾತ್ರಿ ನೆನೆಹಾಕಿದ ಅಕ್ಕಿಯನ್ನು (ಹೊಳೆನರಸೀಪುರದ ಕಡೆಯ ರಾಜಮುಡಿಯಾದರೆ ತುಸು ಕೆಂಬಣ್ಣವೂ ಒದಗುತ್ತಿತ್ತು) ಬೆಳಗಿನ ಜಾವದಲ್ಲಿ ನುಣ್ಣಗೆ ರುಬ್ಬಿ, ಉಪ್ಪು ಬೆರೆಸಿ ಒಲೆಯ ಮೇಲೆ ಗಂಟಾಗದಂತೆ ತೊಳಸಿ, ಗಟ್ಟಿಗೊಂಡ ಹಿಟ್ಟನ್ನು ಉಂಡೆ ಕಟ್ಟಿ, ಆ ಉಂಡೆಗಳನ್ನು ಮರಳುವ ನೀರಿನಲ್ಲಿಯೋ ಹಬೆಯಲ್ಲಿಯೋ ಬೇಯಿಸುವವರೆಗೆ ಆ ಕಾರ್ಯವನ್ನು ಗಟ್ಟಿಗಿತ್ತಿಯಾದ ಒಬ್ಬಳೇ ಹೆಂಗಸು ಹೇಗೋ ನಿಭಾಯಿಸಿಯಾಳು. ಅಲ್ಲಿಂದ ಮುಂದೆ ಸಾಧ್ಯವಿಲ್ಲ. ಬಿಸಿ ಆರಿದ ಉಂಡೆಯು ಬಿರುಸಾಗಿಬಿಡುತ್ತದೆ. ಅಚ್ಚಿನ ಸಣ್ಣ ರಂಧ್ರಗಳಿಂದ ಅದು ಇಳಿಯದು, ಇಳಿದರೂ ಎಳೆ ತುಂಡಾಗುವುದು. ಆದುದರಿಂದ ಕೈ ಸುಡುವ ಉಂಡೆಯನ್ನು ನೀರಿನಿಂದೆತ್ತುವವರು ಒಬ್ಬರು, ಒರಳಿಗೆ ತುಂಬುವವರು ಒಬ್ಬರು, ಮೇಲಿನ ಉದ್ದನೆಯ ಸನ್ನೆಮರವನ್ನು ಮೈಭಾರ ಹಾಕಿ ಒತ್ತುವವರು ಒಬ್ಬಿಬ್ಬರು, ಕೆಳಗೆ ಬಾಳೆಯೆಲೆಯನ್ನೋ ತಟ್ಟೆಯನ್ನೋ ಸುತ್ತಿಸುತ್ತ ಇಳಿಯುವ ಎಳೆಗಳನ್ನು ಹಿಡಿಯುವವರು ಒಬ್ಬರು, ಹೀಗೆ ನಾಲ್ಕೈದು ಮಂದಿ ಏಕಕಾಲದಲ್ಲಿ ಒದಗಲೇಬೇಕು. ಊಟಕ್ಕಲ್ಲದೆ ಅಡಿಗೆಮನೆಯ ಹೊಸ್ತಿಲನ್ನು ದಾಟದ ಯಜಮಾನನೂ ಆ ದಿನ ಪಂಚೆಯನ್ನು ಎತ್ತಿಕಟ್ಟಿ ಸನ್ನೆಗೆ ಜೋತುಬೀಳುತ್ತಿದ್ದನು. ಮುಂದೆ ಮೂರು ಕಾಲಿನ, ತಿರುಪಿನ ಲೋಹದ ಒತ್ತುಗಳು ಬಂದವು. ಅವುಗಳ ಹಿಡಿಯನ್ನು ತಿರುಗಿಸುವುದಕ್ಕೂ ಎದುರುಬದುರು ಇಬ್ಬರು ಬೇಕಾಯಿತು.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಹಿರಿಯರಿಬ್ಬರು, ಕಾರಣವನ್ನು ಅವರೇ ಮರೆತಿದ್ದ ಯಾವುದೋ ಮುನಿಸಿನಿಂದ, ತಿಂಗಳೊಪ್ಪತ್ತು ಪರಸ್ಪರ ಮಾತು ಬಿಟ್ಟಿದ್ದರು. ಬೇಕಾದುದನ್ನು ಗೋಡೆಗೆ ಹೇಳುವುದು, ಮಕ್ಕಳ ಮೂಲಕ ಹೇಳಿಕಳುಹಿಸುವುದು ನಡೆದಿತ್ತು. ಹಬ್ಬಕ್ಕೆ ಅಳಿಯ ಬಂದನು, ಶಾವಿಗೆಯಾಗಬೇಕಾಯಿತು. ತುಂಬುವ ಪಾಲು ಒಬ್ಬರಿಗೂ ಹಿಡಿಯುವ ಪಾಲು ಇನ್ನೊಬ್ಬರಿಗೂ ಬಂದಿತು. ಬಿಸಿ ಆರುತ್ತಿರುವಾಗ ಗೋಡೆಗೆ ಹೇಳಿ ಕೂರಲು ವ್ಯವಧಾನವೆಲ್ಲಿ? “ತಾಳು,” “ಹಿಡಿ,” “ಸಾಕು,” “ಕೈ ಸುಟ್ಟೀತು” ಎಂಬ ನಾಲ್ಕು ಮಾತು ತಾವಾಗಿ ಹೊರಟವು. ನಾಲ್ಕನೆಯ ಮಾತಿನಲ್ಲಿ ಮುನಿಸು ಮುಗಿದುಹೋಗಿತ್ತೆಂದು ನನಗೆ ಆಗ ತಿಳಿಯಲಿಲ್ಲ. ತೆಂಗಿನಕಾಯಿ, ಗಸಗಸೆ, ಬೆಲ್ಲ, ಏಲಕ್ಕಿಗಳ ಕಾಯಿಹಾಲನ್ನು ಶಾವಿಗೆಯ ಮೇಲೆ ಹುಯ್ಯುವ ಹೊತ್ತಿಗೆ ಅವರಿಬ್ಬರೂ ಅಳಿಯನ ಮನೆಯ ಅಡಿಗೆಯನ್ನು ಒಟ್ಟಾಗಿ ಆಡಿಕೊಳ್ಳುತ್ತಿದ್ದರು. ಮಾಂಸಾಹಾರಿಗಳ ಮನೆಗಳಲ್ಲಿ ಕಾಯಿಹಾಲಿನ ಸ್ಥಾನಕ್ಕೆ ಕೋಳಿಸಾರು ಬರುತ್ತಿತ್ತು. ಉಳಿದ ಶಾವಿಗೆಗೆ ಮರುದಿನ ನಿಂಬೆಯ ಒಗ್ಗರಣೆ ಬೀಳುವುದು ಮಾತ್ರ ಎಲ್ಲರಲ್ಲಿಯೂ ಸಮಾನ.

ಚಳಿಗಾಲದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಸುತ್ತ ಕುಳಿತು ನೆನೆದ ಅವರೆಕಾಳನ್ನು ಹಿಸುಕುವುದೂ ಈ ಜಾತಿಯ ಕೆಲಸವೇ ಸರಿ. ಆದರೆ ಹಿತಕವರೆಯಲ್ಲಿ ಆತುರವಿಲ್ಲ. ಮುನಿದವನು ಮುನಿದುಕೊಂಡೇ ಬೊಗಸೆ ಕಾಳನ್ನು ಹಿಸುಕಿ ಎದ್ದುಹೋಗಬಹುದು.

ಇದೆಲ್ಲವನ್ನೂ ಹೊಗಳುವಾಗ ಒಂದು ಸಂಕೋಚವೂ ನನ್ನನ್ನು ಬಾಧಿಸುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ರುಬ್ಬಿದವರು ಹೆಂಗಸರು. ಗಳಿಗೆಹೊತ್ತು ಸನ್ನೆಗೆ ಜೋತುಬಿದ್ದು ಮೊದಲ ಎಲೆಗೆ ಕುಳಿತವರು ನಾವು. ಹಿಟ್ಟಿನ ಗಿರಣಿಯೂ, ಅಂಗಡಿಯ ಒಣಶಾವಿಗೆಯ ಪೊಟ್ಟಣವೂ ಬಂದಾಗ ಅವರು ಅವನ್ನು ಸ್ವಾಗತಿಸಿದುದರಲ್ಲಿ ತಪ್ಪೇನೂ ಇಲ್ಲ. ಹೊಲಮನೆಗಳು ಪಾಲಾದವು, ಮಕ್ಕಳು ಬೆಂಗಳೂರು ಸೇರಿದರು; ಇಬ್ಬರಿರುವ ಮನೆಯಲ್ಲಿ ಐವರ ಒರಳಿಗೆ ಕೆಲಸವೇನು?

ನಮ್ಮ ಒರಳು ಬಹುಕಾಲ ಅಟ್ಟದಲ್ಲಿತ್ತು. ಕಳೆದ ಗೌರಿಹಬ್ಬಕ್ಕೆ ಊರಿಗೆ ಬಂದ ಹುಡುಗರು ಅದನ್ನು ಇಳಿಸಿ, ಧೂಳು ತೊಳೆದು, ಅಚ್ಚಿನ ರಂಧ್ರಗಳನ್ನು ಪೊರಕೆಯ ಕಡ್ಡಿಯಿಂದ ಬಿಡಿಸಿದರು. ಮೊದಲ ಉಂಡೆ ಆರಿಹೋಗಿ ಒಳಗೇ ಕಚ್ಚಿಕೊಂಡಿತು. ಎರಡನೆಯದನ್ನು ತುಂಬಿದಾಗ, ಇಷ್ಟು ಹೊತ್ತೂ ಕಂಬಕ್ಕೊರಗಿ ಸುಮ್ಮನೆ ನೋಡುತ್ತಿದ್ದ ಮನೆಯ ಮುದುಕಿ ಎದ್ದುಬಂದು, ತಟ್ಟೆಯನ್ನು ಮೊಮ್ಮಗಳ ಕೈಯಿಂದ ಕಸಿದುಕೊಂಡು ಒರಳಿನ ಕೆಳಗೆ ಹಿಡಿದಳು. “ಹೂಂ, ಒತ್ತಿರೋ,” ಎಂದಳು.