ಪರಂಗಿಯವರು ಈ ನೆಲದವರಾದ ಬಗೆ

 1792ರಲ್ಲಿ ಫ್ರಾನ್ಸಿನಿಂದ ಹೊರಟು ಬಂದು, ಮೈಸೂರು ಸೀಮೆಯ ಜನರಿಂದ 'ದೊಡ್ಡಸ್ವಾಮಿಯವರು' ಎನಿಸಿಕೊಂಡ ಅಬ್ಬೆ ದ್ಯುಬ್ವಾ ಅವರಂಥವರ ತ್ಯಾಗವನ್ನು ನಮ್ಮ ಹಿರಿಯರು ಮರೆತವರಲ್ಲ. ಆದರೆ ಅವರು ಮನೆಮಠಗಳನ್ನು ತೊರೆದು ಒಂಟಿಯಾಗಿ ಬಂದವರು. ಗಂಡಹೆಂಡಿರಾಗಿ, ಸಂಸಾರವಂದಿಗರಾಗಿ ಪರದೇಶಕ್ಕೆ ಹೋಗಿ ನೆಲೆಸುವುದು ಬೇರೆಯೇ ಒಂದು ಪರೀಕ್ಷೆ. ಅಲ್ಲಿ ಒಲೆ ಹೂಡಬೇಕು. ಮಕ್ಕಳನ್ನು ಹೆತ್ತು ಸಾಕಬೇಕು. ಆ ಮಕ್ಕಳು ಯಾವ ನಾಡಿನವರಾಗಿ ಬೆಳೆಯಬೇಕೆಂಬ ಪ್ರಶ್ನೆಗೆ ಉತ್ತರವನ್ನೂ ಹುಡುಕಬೇಕು.

ಇಂದು ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತಿದೆ. ಮದುವೆಯಾದ ಹೊಸದರಲ್ಲಿಯೇ ನಮ್ಮ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಕೆನಡಾ, ಆಸ್ಟ್ರೇಲಿಯಾಗಳಿಗೋ ಪ್ರಯಾಣ ಬೆಳೆಸುತ್ತಾರೆ. ಅವರು ಅಲ್ಲಿ ಹೇಗೆ ಬಾಳುವರೋ ಎಂದು ಹೆತ್ತವರು ಕೊರಗುತ್ತಾರೆ. ಇಂತಹ ಹೊತ್ತಿನಲ್ಲಿ, ಹಿಂದೆ ಹೊರನಾಡುಗಳಿಂದ ಬೆಂಗಳೂರಿಗೆ ಬಂದು ನೆಲೆಯೂರಿದ ಇಬ್ಬರು ಕ್ರೈಸ್ತ ದಂಪತಿಗಳ ಚರಿತ್ರೆಯನ್ನು ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರು ನಮ್ಮ ಕಥೋಲಿಕ ಸಭೆಗೆ ಸೇರಿದವರಲ್ಲ. ಆದರೂ ಒಬ್ಬರ ಬಾಳು ನಮ್ಮ ನುಡಿಗೆ, ಮತ್ತೊಬ್ಬರ ಬಾಳು ಹೆಸರಘಟ್ಟದ ಮಣ್ಣಿಗೆ ತಾಕಿ ಹೋಗಿದೆ.

ನುಡಿಯಲ್ಲಿ ಬೇರೂರಿದ ಸಂಸಾರ

ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮತ್ತು ಅವರ ಪತ್ನಿ ಜೇನ್ ಬೆಂಗಳೂರಿನಲ್ಲಿ ನೆಲೆಸಿದ್ದು 1837ರಲ್ಲಿ. ಆಗ ಬೆಂಜಮಿನ್ನರಿಗೆ ಇನ್ನೂ ಎಳೆಯ ಪ್ರಾಯ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ್‌ರ ಆಡಳಿತಕ್ಕೆ ಒಳಪಟ್ಟು ಕೆಲವೇ ವರ್ಷಗಳಾಗಿದ್ದವು. ರೈಲಾಗಲಿ ತಂತಿಯಾಗಲಿ ಇರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಾದುದರಿಂದ, ಇಂಗ್ಲೆಂಡಿನಿಂದ ಬರುವ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ತಿಂಗಳುಗಟ್ಟಲೆ ಸಾಗಬೇಕಾಗಿತ್ತು. ತವರಿನಲ್ಲಿ ತಾಯಿ ತೀರಿಕೊಂಡರೂ ಸುದ್ದಿ ತಲುಪುವ ವೇಳೆಗೆ ಅಲ್ಲಿ ಎಲ್ಲವೂ ಮುಗಿದುಹೋಗಿರುತ್ತಿತ್ತು. ಬಂದ ವರ್ಷವೇ, ಜುಲೈ ತಿಂಗಳಲ್ಲಿ, ಆ ದಂಪತಿಗಳಿಗೆ ಗಂಡುಮಗು ಹುಟ್ಟಿತು. ತಾಯಿಯಿಲ್ಲ, ಅತ್ತೆಯಿಲ್ಲ, ಪರಿಚಿತ ನೆರೆಹೊರೆಯಿಲ್ಲ. ಅಂತಹ ಊರಿನಲ್ಲಿ ಚೊಚ್ಚಲ ಬಾಣಂತನವೆಂದರೆ ಏನೆಂಬುದನ್ನು ನಮ್ಮ ತಾಯಂದಿರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬೆಂಜಮಿನ್ ರೈಸರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಬೋಧಿಸಿದರು, ಬರೆದರು; ಕನ್ನಡ ಬೈಬಲ್ಲಿನ ಪರಿಷ್ಕರಣ ಕಾರ್ಯದಲ್ಲಿ ದುಡಿದರು. ಜೇನ್ ರೈಸರೂ ಮನೆಯೊಳಗೆ ಕುಳಿತವರಲ್ಲ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ರೂಢಿಯಿಲ್ಲದ ಆ ಕಾಲದಲ್ಲಿ, 1840ರಲ್ಲಿ, ಅದೇ ಮಿಷನ್ನಿನ ಶ್ರೀಮತಿ ಸ್ಯೂವೆಲ್ ಅವರೊಡಗೂಡಿ ಬೆಂಗಳೂರಿನಲ್ಲಿ ಕನ್ನಡ ಬಾಲಿಕೆಯರಿಗಾಗಿ ಶಾಲೆಯನ್ನು ಆರಂಭಿಸಿದರು. ಪರದೇಶಕ್ಕೆ ಬಂದ ಹೆಣ್ಣಿಗೆ ಆ ನಾಡಿನ ಹೆಂಗಸರ ಪರಿಚಯವಾಗುವುದು ಮಕ್ಕಳ ಮೂಲಕವೇ. ಶಾಲೆಗೆ ಬಂದ ಬಾಲಕಿಯರಿಗೆ ಅಕ್ಷರ ದೊರೆಯಿತು. ಕಲಿಸಿದ ತಾಯಂದಿರಿಗೆ ಊರು ದೊರೆಯಿತು.

ಬೆಂಗಳೂರಿನಲ್ಲಿ ಹುಟ್ಟಿದ ಆ ಮಗುವೇ ಬಿ. ಎಲ್. ರೈಸ್. ಅವರು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಮರಳಿ ಹುಟ್ಟೂರಿಗೇ ಬಂದರು. ಊರೂರಿನ ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ಬಿದ್ದಿದ್ದ ಶಿಲಾಶಾಸನಗಳನ್ನು ಪ್ರತಿ ಮಾಡಿಸಿ, ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ 12 ಸಂಪುಟಗಳಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವು 1905ರಲ್ಲಿ ಹೊರಬಂದಿತು. ಅವರ ಸಹೋದರ ಇ. ಪಿ. ರೈಸರು ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ತಂದೆ ಬೆಂಜಮಿನ್ನರು ಐವತ್ತು ವರ್ಷಗಳ ಸೇವೆಯನ್ನು ಪೂರೈಸಿ 1887ರಲ್ಲಿ ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಅವರ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ. ತಂದೆತಾಯಿಗಳು ಕಲಿತ ಭಾಷೆಯು ಮಕ್ಕಳಿಗೆ ಆಸ್ತಿಯಾಗಿ ಬಂದಿತೆಂಬುದೇ ಈ ಸಂಸಾರದ ಚರಿತ್ರೆಯ ಸಾರ.

ಮಣ್ಣಿನಲ್ಲಿ ಬೇರೂರಿದ ಸಂಸಾರ

ಎರಡನೆಯವರು ಗುಸ್ತಾವ್ ಹರ್ಮನ್ ಕೃಂಬಿಗಲ್ ದಂಪತಿಗಳು. ಕೃಂಬಿಗಲ್ಲರು ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯ ಲೋಮೆನ್ ಎಂಬಲ್ಲಿ 1865ರ ಡಿಸೆಂಬರ್ 18ರಂದು ಜನಿಸಿದರು. ತೋಟಗಾರಿಕೆಯನ್ನು ಕಲಿತು ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಅನಂತರ ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿಯೂ ಕೆಲಸ ಮಾಡಿದರು. 1893ರಲ್ಲಿ ಬರೋಡದ ಮಹಾರಾಜರ ಸೇವೆಗೆ ಸೇರಿ ಭಾರತಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಅವರನ್ನು ಲಾಲ್‌ಬಾಗಿಗೆ ಕರೆಸಿಕೊಂಡಿತು. ಹೀಗೆ ಆ ದಂಪತಿಗಳ ಸಂಸಾರವು ಬೆಂಗಳೂರಿಗೆ ಬಂದಿತು. ಆಗ ಬೆಂಗಳೂರಿನ ಕೊಳಾಯಿಗಳಲ್ಲಿ ಹರಿಯುತ್ತಿದ್ದುದು ನಮ್ಮ ಹೆಸರಘಟ್ಟದ ನೀರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಕೆರೆಯು ಚಾಮರಾಜೇಂದ್ರ ಜಲ ಯೋಜನೆಯ ಮೂಲಕ ಆ ನಗರದ ಬಾಯಾರಿಕೆಯನ್ನು ತಣಿಸುತ್ತಿತ್ತು. ಹೊರನಾಡಿನ ಆ ಕುಟುಂಬವು ನಮ್ಮ ಊರನ್ನು ಕಾಣುವ ಮುನ್ನವೇ ನಮ್ಮ ಊರಿನ ನೀರನ್ನು ಕುಡಿದಿತ್ತೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಕೃಂಬಿಗಲ್ಲರು 1932ರವರೆಗೆ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘದ ಸ್ಥಾಪನೆಗೆ ಕಾರಣರಾದರು. ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವ ವೇಳೆಗೆ ಮತ್ತೊಂದು ಜಾತಿಯದು ಅರಳುವಂತೆ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಿ, ವರ್ಷದ ಹನ್ನೆರಡು ತಿಂಗಳೂ ನಗರವು ಹೂವಿನಿಂದ ಕೂಡಿರುವಂತೆ ಮಾಡಿದ ಕೀರ್ತಿಯು ಅವರದು. ಕನ್ನಂಬಾಡಿಯ ಬೃಂದಾವನದ ರಚನೆಯಲ್ಲಿಯೂ ಅವರ ಕೈವಾಡವಿದೆ. ಮರ ನೆಡುವವನಿಗೆ ಊರು ಬಿಟ್ಟು ಹೋಗುವ ಆತುರವಿರಲಾಗದು; ತಾನು ನೆಟ್ಟ ಸಸಿಯು ನೆರಳು ಕೊಡುವವರೆಗಾದರೂ ನಿಲ್ಲಬೇಕೆಂಬ ಆಸೆ ಅವನಲ್ಲಿ ಮೂಡುವುದು ಸಹಜ.

ಆದರೆ ನೆಲವು ಒಪ್ಪಿಕೊಂಡವರನ್ನು ಅಧಿಕಾರವು ಒಪ್ಪಲಿಲ್ಲ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ದೃಷ್ಟಿಯಲ್ಲಿ ಜರ್ಮನ್ನರೆಲ್ಲರೂ ಶತ್ರುರಾಷ್ಟ್ರದ ಪ್ರಜೆಗಳಾದರು. ಬೆಂಗಳೂರಿಗೆ ನೆರಳು ನೀಡಿದ ಈ ತೋಟಗಾರರೂ ಬಂಧನದಲ್ಲಿರಬೇಕಾಯಿತು. ಎರಡನೆಯ ಮಹಾಯುದ್ಧವು 1939ರಲ್ಲಿ ಆರಂಭವಾದಾಗ ಅವರಿಗೆ ಎಪ್ಪತ್ತಮೂರು ವರ್ಷ. ಭಾರತಕ್ಕೆ ಬಂದು ನಲವತ್ತಾರು ವರ್ಷಗಳಾಗಿದ್ದವು. ಪರದೇಶದಲ್ಲಿ ಬಾಳುವವರ ಬದುಕಿನ ಅತ್ಯಂತ ಕಠಿಣವಾದ ಸತ್ಯ ಇದು. ಎಷ್ಟು ದುಡಿದಿದ್ದರೂ, ಎಷ್ಟು ಕಾಲ ನೆಲೆಸಿದ್ದರೂ, ಯಾವುದೋ ರಾಜಧಾನಿಯಲ್ಲಿ ಹೊರಟ ಒಂದು ಆಜ್ಞೆಯಿಂದ ಮನುಷ್ಯನು ಒಂದೇ ದಿನದಲ್ಲಿ ಹೊರಗಿನವನಾಗಿಬಿಡಬಹುದು. ಆಗ ಅವನ ಹೆಂಡತಿಗೂ ಮಕ್ಕಳಿಗೂ ನೆರೆಹೊರೆಯ ಸ್ನೇಹವೊಂದೇ ಆಸರೆ.

ಹಾಗಿದ್ದೂ ಕೃಂಬಿಗಲ್ಲರು ಈ ನಾಡನ್ನು ತೊರೆಯಲಿಲ್ಲ. ಯುದ್ಧ ಮುಗಿಯಿತು, ಭಾರತ ಸ್ವತಂತ್ರವಾಯಿತು, ಅವರು ಇಲ್ಲಿಯೇ ಉಳಿದರು. 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾಗಿ ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದರು. ಅವರ ಜರ್ಮನ್ ಹೆಸರನ್ನು ನಮ್ಮ ಜನ ತಮ್ಮ ನಾಲಗೆಗೆ ಒಗ್ಗುವಂತೆ 'ಕೃಂಬಿಗಲ್' ಎಂದು ಮಾಡಿಕೊಂಡು, ಲಾಲ್‌ಬಾಗಿನ ಪಕ್ಕದ ರಸ್ತೆಗೆ ಇಟ್ಟಿದ್ದಾರೆ. ಜನರು ಒಬ್ಬರ ಹೆಸರನ್ನು ತಮ್ಮ ಉಚ್ಚಾರಣೆಗೆ ತಿದ್ದಿಕೊಂಡರೆಂದರೆ, ಅವರನ್ನು ತಮ್ಮವರೆಂದು ಎಣಿಸಿದರೆಂದೇ ಅರ್ಥ.

ಹೆಸರಘಟ್ಟದ ತೋಟ

ಕೃಂಬಿಗಲ್ಲರ ತರುವಾಯ ಲಾಲ್‌ಬಾಗಿನ ಹೊಣೆಯು ಎಚ್. ಸಿ. ಜವರಾಯರಿಗೂ, ಅವರ ತರುವಾಯ ಡಾ. ಎಂ. ಎಚ್. ಮರಿಗೌಡರಿಗೂ ಬಂದಿತು. ಕನ್ನಡ ನಾಡಿನ ಈ ಮಕ್ಕಳ ಕೈಯಲ್ಲಿ ತೋಟಗಾರಿಕೆಯು ಅರಮನೆಯ ಉದ್ಯಾನದಿಂದ ರೈತನ ಹೊಲಕ್ಕೆ ಇಳಿಯಿತು. ರಾಜ್ಯ ತೋಟಗಾರಿಕೆ ಇಲಾಖೆಯ ವಶದಲ್ಲಿದ್ದ ಹೆಸರಘಟ್ಟದ ತೋಟವನ್ನು ವಹಿಸಿಕೊಂಡು, 1968ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇಲ್ಲಿ ನೆಲೆಗೊಂಡಿತು. ಆ ಸಂಸ್ಥೆಯ 'ಅರ್ಕಾ' ತಳಿಗಳು ಇಂದು ದೇಶದ ನಾನಾ ಭಾಗಗಳ ರೈತರಿಗೆ ಪರಿಚಿತವಾಗಿವೆ. ಆ ಹೆಸರನ್ನು ಕೇಳಿದಾಗಲೆಲ್ಲ ನಮಗೆ ನಮ್ಮ ಅರ್ಕಾವತಿಯ ನೆನಪಾಗುತ್ತದೆ.

ಈ ತೋಟದಲ್ಲಿ ಬೆಳೆಯುವುದೇನೆಂಬುದನ್ನು ವಾಚಕರು ಗಮನಿಸಬೇಕು. ಸೀಬೆ, ಪರಂಗಿ, ಟೊಮ್ಯಾಟೊ, ಮೆಣಸಿನಕಾಯಿ! ಇವೆಲ್ಲವೂ ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳು ಓಡಾಡತೊಡಗಿದ ಮೇಲೆ ಭಾರತಕ್ಕೆ ಬಂದವು. ಇವುಗಳಲ್ಲಿ ಒಂದು ಹಣ್ಣನ್ನು ನಾವು ಇಂದಿಗೂ 'ಪರಂಗಿ' ಎಂದೇ ಕರೆಯುತ್ತೇವೆ. ಯೂರೋಪಿನವರಿಗೆ ನಮ್ಮ ಹಿರಿಯರು ಇಟ್ಟ ಹೆಸರೂ ಅದೇ. ನಮ್ಮ ವಿಶ್ವಾಸವನ್ನು 'ಪರಂಗಿಯವರ ಮತ' ಎಂದು ಹಳಿದವರೂ ಹಿಂದೆ ಇದ್ದರು. ಆದರೆ ಹಿತ್ತಲಿನಲ್ಲಿ ಪರಂಗಿ ಗಿಡವಿಲ್ಲದ ಮನೆಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟಿವೆ? ಮೆಣಸಿನಕಾಯಿಯಿಲ್ಲದೆ ನಮ್ಮ ಹುಳಿಸಾರು ಆದೀತೆ? ಹೆಸರು ಹೊರಗಿನದಾಗಿ ಉಳಿದರೂ ಹಣ್ಣು ನಮ್ಮದಾಯಿತು. ಹೆಸರಘಟ್ಟದ ಸಂಸ್ಥೆಯೇ 'ಸೂರ್ಯ' ಎಂಬ ಅಚ್ಚ ನಮ್ಮ ಹೆಸರಿನ ಪರಂಗಿ ತಳಿಯನ್ನು ನಾಡಿಗೆ ನೀಡಿದೆ.

ನಮಗೆ ದೊರೆಯುವ ಪಾಠ

ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಕಳುಹಿಸಿದ ಪತ್ರದ ಹುರುಳೂ ಇದೇ ಆಗಿತ್ತು. ಬೇಗನೆ ಮರಳಿ ಹೋಗುವೆವೆಂದು ಗಂಟುಮೂಟೆ ಕಟ್ಟಿಕೊಂಡು ಕೂರದೆ, ಇರುವ ಊರಿನಲ್ಲಿಯೇ ಮನೆ ಮಾಡಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಆ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಅವನು ಬೋಧಿಸಿದನು. ರೈಸ್ ದಂಪತಿಗಳು ನುಡಿಯನ್ನು ಕಲಿತು ಕಲಿಸಿದರು; ಕೃಂಬಿಗಲ್ಲರು ಮರಗಳನ್ನು ನೆಟ್ಟರು. ಪರದೇಶದಲ್ಲಿ ನೆಲೆಸುವುದೆಂದರೆ ಸಂಬಳವನ್ನು ಕೂಡಿಡುವುದು ಮಾತ್ರವಲ್ಲ. ಆ ನಾಡಿನವರ ಮಕ್ಕಳಿಗೂ ಉಪಯೋಗವಾಗುವ ಏನನ್ನಾದರೂ ಅಲ್ಲಿ ಬಿಟ್ಟುಬರುವುದೇ ನಿಜವಾದ ನೆಲೆಸುವಿಕೆ. ಹೊರನಾಡಿಗೆ ತೆರಳುವ ನಮ್ಮ ಮಕ್ಕಳಿಗೆ ನಾವು ಹೇಳಬೇಕಾದ ಮಾತು ಇದು. ಅವರ ಮನೆಯಲ್ಲಿ ಕನ್ನಡದ ಜಪಮಾಲೆ ನಿಲ್ಲದಿರಲಿ. ಜೊತೆಗೆ ಆ ನಾಡಿನ ನುಡಿಯೂ ನೆರೆಯವರ ಕಷ್ಟಸುಖವೂ ಅವರವಾಗಲಿ.

ಇದರ ಇನ್ನೊಂದು ಮಗ್ಗುಲು ಊರಿನಲ್ಲಿರುವ ನಮಗೆ ಸೇರಿದ್ದು. ಇಂದು ಹೆಸರಘಟ್ಟದ ಸುತ್ತಮುತ್ತ ಕೂಲಿಗಾಗಿ, ಓದಿಗಾಗಿ, ಉದ್ಯೋಗಕ್ಕಾಗಿ ದೂರದ ರಾಜ್ಯಗಳಿಂದ ಬಂದ ಎಳೆಯ ದಂಪತಿಗಳು ಬಾಡಿಗೆಯ ಮನೆಗಳಲ್ಲಿ ವಾಸವಾಗಿದ್ದಾರೆ. ಭಾನುವಾರದ ಪೂಜೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತು, ನಮ್ಮ ಭಾಷೆ ತಿಳಿಯದೆ ಮೌನವಾಗಿ ಹೋಗುವವರೂ ಅವರಲ್ಲಿದ್ದಾರೆ. ಹಸುಗೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ ಸಂತ ಜೋಸೆಫರಿಗೂ ಮರಿಯಮ್ಮನವರಿಗೂ ಅಲ್ಲಿ ಯಾರೋ ಒಬ್ಬರು ಒಂದು ಚೊಂಬು ನೀರನ್ನಾದರೂ ಕೊಟ್ಟಿರಬೇಕು. ಅವರ ಹೆಸರು ಶುಭಸಂದೇಶದಲ್ಲಿಲ್ಲ. ನಮ್ಮ ಮಕ್ಕಳಿಗೆ ಪರನಾಡಿನಲ್ಲಿ ಯಾವ ಬಾಗಿಲು ತೆರೆಯಲೆಂದು ನಾವು ಬೇಡುತ್ತೇವೆಯೋ, ಆ ಬಾಗಿಲನ್ನು ಇಲ್ಲಿ ನಾವು ಪರರಿಗೆ ತೆರೆಯೋಣ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೆ ಇದಕ್ಕಿಂತ ಯೋಗ್ಯವಾದ ಸಂಕಲ್ಪ ಬೇರೊಂದಿಲ್ಲ.