ಗುಲಾಂ ಕಾಸಿಂ ಬಿಟ್ಟುಕೊಟ್ಟ ಕುದುರೆ

ಸಾಲೋಟಗಿಯ ಕಟ್ಟೆಯ ಮೇಲೆ ಹಿರಿಯರಿಂದ ನಾವು ಕಲಿತ ದೇಶೀ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಯುರೋಪಿನ ಪದ್ಧತಿಯಲ್ಲಿ ಅದು ಎರಡು ಮನೆ ಹೋಗಬಹುದು. ಹಾಗಾಗಿ ಕಾಳಗ ಬೇಗ ಹತ್ತಿಕೊಳ್ಳುತ್ತದೆ. ಆ ಪದ್ಧತಿಯ ಅತಿ ಅಪಾಯದ ಆರಂಭಗಳಲ್ಲೊಂದಾದ ಮುಜಿಯೊ ಗ್ಯಾಂಬಿಟ್ ಕುರಿತು 1829ರಲ್ಲೇ ಮದರಾಸಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವರು ಮದರಾಸಿನ ಗುಲಾಂ ಕಾಸಿಂ ಮತ್ತು ಕಂಪನಿ ಸರಕಾರದ ಅಧಿಕಾರಿ ಜೇಮ್ಸ್ ಕಾಕ್ರೇನ್. ಮದರಾಸು ಮತ್ತು ಹೈದರಾಬಾದಿನ ಆಟಗಾರರು ಪತ್ರಮುಖೇನ ಆಡಿದ ಎರಡು ಆಟಗಳೂ ಅದರಲ್ಲಿವೆ.

ಈ ಆರಂಭದಲ್ಲಿ ಬಿಳಿಯ ಪಕ್ಷ ಮೊದಲು ಒಂದು ಕಾಲಾಳನ್ನು ಕೊಡುತ್ತದೆ. ಆಮೇಲೆ ಎದುರಾಳಿಯ ಕಾಲಾಳು ಕುದುರೆಯ ಮೇಲೆ ಏರಿ ಬಂದರೂ ಕುದುರೆಯನ್ನು ಹಿಂದೆ ಸರಿಸುವುದಿಲ್ಲ. ಕುದುರೆ ಹೋಗಲಿ, ಕರಿಯ ರಾಜನ ಪಕ್ಕದ ಒಂಟೆಯ ಮುಂದಿನ ಮನೆಗೆ ರಾಜನೊಬ್ಬನೇ ಕಾವಲು, ಮಂತ್ರಿ ಒಂಟೆ ಆನೆಗಳ ಕಣ್ಣೆಲ್ಲ ಅಲ್ಲಿಯೇ. ನಡುವೆ ಒಂದು ನಡೆ ಸಡಿಲವಾದರೆ ಬಿಟ್ಟುಕೊಟ್ಟದ್ದೆಲ್ಲ ವ್ಯರ್ಥ. ಅದಕ್ಕೇ ಇಲ್ಲಿ ಧೈರ್ಯಕ್ಕಿಂತ ಲೆಕ್ಕ ದೊಡ್ಡದು. ಬಿಳಿಯ ಪಕ್ಷ ಈ ಹಂತದಲ್ಲಿ ಸಾಮಾನ್ಯವಾಗಿ ರಾಜನನ್ನು ಕೋಟೆಗೆ ಸೇರಿಸುತ್ತದೆ. ಅದರ ಬದಲು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ದಾರಿಗೆ ಇಂದಿಗೂ ಗುಲಾಂ ಕಾಸಿಂ ಎಂದೇ ಹೆಸರು.

1929ರಲ್ಲಿ ಮೀರ್ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು ಪರರ ಪದ್ಧತಿಯನ್ನು ಅರೆದು ಕುಡಿದು ಪುಸ್ತಕ ಬರೆದ ಕಾಸಿಂ ಸಾಹೇಬರ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಕೇಳಿಬಂದಿದೆ?